ದಕ್ಷಿಣಾಪಥೇಶ್ವರರ ಬಿರುದು ಹಾಗೂ ಗಾನವಿಯ ನೃತ್ಯದ ಕುರಿತು

ಸಿಡ್ನಿ–ಮೆಲ್ಬರ್ನ್ ಜಂಟಿ ಕನ್ನಡ ಕೂಟ
ಬಿರುದು ಮಂಜೂರಾತಿ ವಿಭಾಗ, ಟೂಂಗಾಬಿ, ಸಿಡ್ನಿ

ಸಂಖ್ಯೆ: ಬಿಮಂವಿ/ರಾಜ್ಯೋತ್ಸವ/ಸು-9

ಸುತ್ತೋಲೆ

ವಿಷಯ: ರಾಜ್ಯೋತ್ಸವದ ವೇದಿಕೆಯಲ್ಲಿ ಪದಾಧಿಕಾರಿಗಳು ಮಧ್ಯಕಾಲೀನ ಅರಸರಂತೆ ಬಿರುದು ಧರಿಸುವ ಬಗ್ಗೆ.

ಉಲ್ಲೇಖ: ಕಳೆದ ವರ್ಷ ಮೆಲ್ಬರ್ನ್‌ನ ಟ್ರುಗನಿನಾ ಸಭಾಂಗಣದಲ್ಲಿ ದೀಪ ಆರಿದ ಪ್ರಕರಣ.

ಉಲ್ಲೇಖಿತ ಸಮಾರಂಭದಲ್ಲಿ ಸಿಡ್ನಿ ಅಧ್ಯಕ್ಷರಾದ ಪಂಚಾಕ್ಷರಯ್ಯ ಹಾಗೂ ಮೆಲ್ಬರ್ನ್ ಅಧ್ಯಕ್ಷರಾದ ಇಂದ್ರೇಶ್ ಇವರ ಬಿರುದುಗಳನ್ನು ಓದಿ ಮುಗಿಸುವಷ್ಟರಲ್ಲಿ ಬುಕಿಂಗ್ ಅವಧಿ ಮುಗಿದು, ಸಭಾಂಗಣದ ದೀಪಗಳನ್ನು ಆರಿಸಲಾಯಿತು. ಕೊನೆಗೆ ಇರಿಸಲಾಗಿದ್ದ ಎಂಟು ವರ್ಷದ ಗಾನವಿಯ ನೃತ್ಯ ನಡೆಯಲಿಲ್ಲ. ಸದರಿ ಬಾಲಕಿಯು ಗೆಜ್ಜೆ ಕಟ್ಟಿಕೊಂಡೇ ಕಾರು ಹತ್ತಿದ್ದು, ಅಧ್ಯಕ್ಷರಿಬ್ಬರೂ ವಿಷಾದಿಸಿದಾಗ “ಇಟ್ಸ್ ಓಕೆ, ಅಂಕಲ್” ಎಂದಷ್ಟೇ ಹೇಳಿರುವುದು ವಿಭಾಗದ ಗಮನಕ್ಕೆ ಬಂದಿದೆ. ಆದ್ದರಿಂದ ಈ ಕೆಳಗಿನ ನಿಯಮಗಳನ್ನು ಜಾರಿಗೊಳಿಸಲಾಗಿದೆ.

1. ಹಿಂದಿನ ಅರಸರು ಯುದ್ಧ ಗೆದ್ದು ಸೋತವನ ಬಿರುದನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದರು. ಇಲ್ಲಿ ಯುದ್ಧಕ್ಕೆ ಕೌನ್ಸಿಲ್ ಅನುಮತಿ ದೊರೆಯದ ಕಾರಣ ಕೇರಂ ಆಟವನ್ನು ಪರಿಗಣಿಸಲಾಗುವುದು. ತಾವೇ ಗೆದ್ದೆವೆಂದು ಇಬ್ಬರೂ ಶಾಸನ ಹಾಕಿಸಿದಲ್ಲಿ, ಅದು ಪರಂಪರೆಗೆ ಅನುಗುಣವಾಗಿರುವುದರಿಂದ ಎರಡನ್ನೂ ಮಾನ್ಯ ಮಾಡಲಾಗುವುದು.

2. ದಕ್ಷಿಣ ದೇಶದ ಒಡೆಯ ಎಂಬರ್ಥದ ‘ದಕ್ಷಿಣಾಪಥೇಶ್ವರ’ ಬಿರುದನ್ನು ಪಂಚಾಕ್ಷರಯ್ಯನವರು ಈಗಾಗಲೇ ಧರಿಸಿದ್ದಾರೆ. ಸಿಡ್ನಿಗಿಂತ ಮೆಲ್ಬರ್ನ್ ಇನ್ನೂ ದಕ್ಷಿಣಕ್ಕಿದೆ ಎಂಬ ಇಂದ್ರೇಶ್ ಅವರ ಆಕ್ಷೇಪಣೆ ಪರಿಶೀಲನೆಯಲ್ಲಿದೆ. ಅಂಟಾರ್ಕ್ಟಿಕಾದಿಂದ ಆಕ್ಷೇಪಣೆಗಳಿದ್ದಲ್ಲಿ ಕಾಲಮಿತಿಯೊಳಗೆ ಸಲ್ಲಿಸತಕ್ಕದ್ದು.

3. ರೆಂಟ್ ಮನೆಯಲ್ಲಿರುವವರ ‘ಪೃಥ್ವೀವಲ್ಲಭ’ ಬಿರುದು, ಮಾಲೀಕರ ಕಡೆಯವರು ಮನೆಯ ಇನ್‌ಸ್ಪೆಕ್ಷನ್‌ಗೆ ಬರುವ ದಿನ ಅಮಾನತಿನಲ್ಲಿರುತ್ತದೆ. ಪಿಆರ್ (ಕಾಯಂ ವಾಸದ ಪರವಾನಗಿ) ಬಾರದವರು ‘ತಾತ್ಕಾಲಿಕ ಚಕ್ರವರ್ತಿ’ ಎಂದೇ ನಮೂದಿಸತಕ್ಕದ್ದು.

4. ಅನೇಕ ಅರಸರು ಕಣ್ಣಿಂದ ನೋಡದ ಸಮುದ್ರಗಳಿಗೂ ಒಡೆಯರಾಗಿದ್ದರು. ಆದರೂ ‘ಚತುಸ್ಸಮುದ್ರಾಧೀಶ್ವರ’ ಬಿರುದಿನ ಅರ್ಜಿದಾರರು ಒಂದಾದರೂ ಸಮುದ್ರಕ್ಕೆ ಮೊಣಕಾಲಿನವರೆಗೆ ಇಳಿದಿರಬೇಕು. ಬೀಚಿನಲ್ಲಿ ಪುಳಿಯೋಗರೆ ಡಬ್ಬಿ ಕಾಯುತ್ತ ಕುಳಿತದ್ದನ್ನು ದಿಗ್ವಿಜಯವೆಂದು ಪರಿಗಣಿಸಲಾಗುವುದಿಲ್ಲ.

5. ಅಡುಗೆಯ ಉಸ್ತುವಾರಿ ಹೊತ್ತಿರುವ, ಧಾರವಾಡ ಮೂಲದ, ಸಿಡ್ನಿ ಕೆಲ್ಲಿವಿಲ್‌ನ ಗಿರಿಜವ್ವ ಅವರಿಗೆ ‘ರಣಭೈರವಿ’ ಬಿರುದು ನೀಡಲು ಮುಂದಾದಾಗ, “ನನಗ್ಯಾಕ್ರೀ ಬಿರುದು? ಮೊದ್ಲ ಆ ಕೂಸು ಕುಣೀಲಿ. ಆಮ್ಯಾಲ ನೀವು ಯಾವ ರಾಜಾ ಬೇಕಾದ್ರೂ ಆಗ್ರಿ” ಎಂದು ಅವರು ಮೌಖಿಕವಾಗಿ ತಿಳಿಸಿರುತ್ತಾರೆ. ನಿಯಮಗಳಲ್ಲಿ ಅವಕಾಶವಿಲ್ಲದಿದ್ದರೂ, ಊಟದ ಹಿತದೃಷ್ಟಿಯಿಂದ ಇದನ್ನು ಅಂಗೀಕರಿಸಲಾಗಿದೆ.

6. ಅದರಂತೆ ಈ ಸಾಲಿನಲ್ಲಿ ಗಾನವಿಯ ನೃತ್ಯವೇ ಮೊದಲು. ನೃತ್ಯ ಮುಗಿಯುವವರೆಗೆ ಸಮಸ್ತ ಚಕ್ರವರ್ತಿಗಳು ‘ಅಂಕಲ್’ ಎಂಬ ಒಂದೇ ಬಿರುದನ್ನು ಹೊಂದಿದ್ದು, ಕೆಳಗೆ ಕುಳಿತು ಚಪ್ಪಾಳೆ ತಟ್ಟತಕ್ಕದ್ದು.

ಸಹಿ/-
(ಲಕ್ಷ್ಮೀಶ)
ಬಿರುದು ಮಂಜೂರಾತಿ ಅಧಿಕಾರಿ (ಪ್ರಭಾರ)
‘ನಿಶ್ಶಂಕಪ್ರತಾಪ’ (ಮಂಜೂರಾತಿಗೆ ಬಾಕಿ)

ಪ್ರತಿಗಳು:
1. ದಕ್ಷಿಣಾಪಥೇಶ್ವರರಿಗೆ, ಸಿಡ್ನಿ.
2. ಇನ್ನೂ ದಕ್ಷಿಣದವರಿಗೆ, ಮೆಲ್ಬರ್ನ್.
3. ಗಿರಿಜವ್ವ ಅವರಿಗೆ, ಹೋಳಿಗೆ ರದ್ದುಪಡಿಸದಂತೆ ಕೋರಿ.
4. ಗಾನವಿಗೆ, ಗೆಜ್ಜೆ ಸಹಿತ ಹಾಜರಾಗಲು.
5. ಸಭಾಂಗಣದ ದೀಪ ಆರಿಸುವವರಿಗೆ. ನೃತ್ಯ ಮುಗಿದು ಬಿರುದುಗಳು ಆರಂಭವಾದ ಕೂಡಲೇ ತಮ್ಮ ಕರ್ತವ್ಯ ನಿರ್ವಹಿಸಲು ಈ ವಿಭಾಗದ ಅಭ್ಯಂತರವಿರುವುದಿಲ್ಲ.