ಮಿರಜದ ಗಿಟಾರಿಗೆ ನಮ್ಮ ಓಣಿಯ ಹಿಮ್ಮೇಳ

ಸಂಗೀತ ಕೇಳಲು ಕೂಡುವವರಲ್ಲಿ ಸಂಗೀತ ತಿಳಿದವರು ಕೆಲವರು, ತಿಳಿದವರ ಹಾಗೆ ಕೂಡಲು ತಿಳಿದವರು ಹಲವರು. ನಾನು ಎರಡನೆಯ ಗುಂಪಿನವನು, ಆ ಗುಂಪಿನಲ್ಲಿ ಸಾಕಷ್ಟು ಹಿರಿಯ ಕೂಡ. ರಾಯಬಾಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಮಿರಜ ದೂರವೇನಲ್ಲ. ರೈಲು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬಂದುಬಿಡುತ್ತದೆ. ಅದು ಸಿತಾರ ಮಾಡುವವರ ಊರು. ಅಲ್ಲಿ ಚಹಾದ ಅಂಗಡಿಯಲ್ಲೂ ಜನ ರಾಗದ ಸಲುವಾಗಿ ಜಗಳಾಡುತ್ತಾರೆ. ಅಂಥ ಊರಿನಲ್ಲಿ ಮಾನ ಉಳಿಸಿಕೊಳ್ಳಲು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಯಾರಾದರೂ ಹಿರಿಯರ ಹಿಂದಿನ ಕುರ್ಚಿ ಹಿಡಿಯುವುದು, ಅವರ ತಲೆ ಅಲ್ಲಾಡಿದ ಮೇಲೆ ನನ್ನದನ್ನು ಅಲ್ಲಾಡಿಸುವುದು, ಅವರು 'ವಾಹ್' ಎಂದರೆ ನಾನು 'ಕ್ಯಾ ಬಾತ್ ಹೈ' ಎನ್ನುವುದು. ಒಮ್ಮೆ ಮಾತ್ರ ಮುಂದಿನ ಹಿರಿಯರ ತಲೆ ಬಹಳ ಹೊತ್ತು ತೂಗಿತು. ನಾನೂ ತೂಗಿದೆ. ಆಮೇಲೆ ಅವರ ಗೊರಕೆ ಕೇಳಿಸಿತು.

ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾಗಿ ಈಗ ಮಿರಜದಲ್ಲಿರುವ ದೇಶಪಾಂಡೆ ಮಾಸ್ತರು ನನ್ನನ್ನು ನಿಜವಾದ ರಸಿಕನೆಂದೇ ನಂಬಿದ್ದರು. ಜಗತ್ತಿನಲ್ಲಿ ಹಾಗೆ ನಂಬಿದವರು ಅವರೊಬ್ಬರೇ ಆದ್ದರಿಂದ ಆ ನಂಬಿಕೆಯನ್ನು ಜೋಪಾನ ಮಾಡುವುದು ನನಗೆ ದೊಡ್ಡ ಜವಾಬ್ದಾರಿಯಾಗಿತ್ತು. ಹೋದ ಚಳಿಗಾಲದಲ್ಲಿ ಅವರ ಫೋನು ಬಂತು. ಪುಣೆಯ ಹುಡುಗಿಯೊಬ್ಬಳು ತನ್ನ ಹಾಡು ತಾನೇ ಬರೆದು, ತಾನೇ ಗಿಟಾರ್ ಬಾರಿಸಿಕೊಂಡು ಊರೂರು ತಿರುಗಿ ಹಾಡುತ್ತಾಳಂತೆ, ಅವಳ ಕಾರ್ಯಕ್ರಮವನ್ನು ಇವರೇ ಏರ್ಪಡಿಸಿದ್ದಾರಂತೆ. "ವೈನೀನ್ನೂ ಕರಕೊಂಡ ಬರ್ರಿ ಸರ. ನಿಮ್ಮಂಥವ್ರಿಗಂತ ಮೊದಲನೇ ಸಾಲಿನ್ಯಾಗ ಜಾಗಾ ಹಿಡದೇನಿ," ಎಂದು ನನ್ನ ಹೆಂಡತಿಯನ್ನೂ ಕೂಡಿಸಿ ಕರೆದರು. ಮೊದಲನೇ ಸಾಲು! ಅಲ್ಲಿ ನನ್ನ ಮುಂದೆ ನೋಡಿ ಕಲಿಯಲು ಯಾರ ತಲೆಯೂ ಇರುವುದಿಲ್ಲ. ಆದರೆ ಇದನ್ನು ಅವರಿಗೆ ಬಿಡಿಸಿ ಹೇಳುವುದು ಹೇಗೆ?

ನನ್ನ ಹೆಂಡತಿ ಸುವರ್ಣಾ ಬೇರೆ ಬಗೆಯ ಸಂಗೀತದವಳು. ನಮ್ಮ ಓಣಿಯ ಹೆಂಗಸರ ಭಜನಾ ಮಂಡಳಿಯಲ್ಲಿ ಅವಳದು ಗಟ್ಟಿ ದನಿ. ಸೋಮವಾರದ ಆ ಭಜನೆಯಲ್ಲಿ ಒಬ್ಬಳು ಸಾಲು ಎತ್ತಿದರೆ ಉಳಿದವರೆಲ್ಲ ಹಿಂದೆ ಹಿಡಿಯಲೇಬೇಕು. ಹಿಡಿಯದೆ ಸುಮ್ಮನೆ ಕೂತವಳು ಹಾಡಿದವಳ ಜೊತೆ ಜಗಳ ಮಾಡಿಕೊಂಡಿದ್ದಾಳೆಂದೇ ಎಲ್ಲರೂ ತಿಳಿಯುತ್ತಾರೆ. ಹೀಗಾಗಿ ಮಿರಜದ ಸಭಾಗೃಹದಲ್ಲಿ ಮೊದಲ ಹಾಡು ಮುಗಿಯುವುದರೊಳಗೇ ಅವಳಿಗೆ ಕಸಿವಿಸಿ ಶುರುವಾಯಿತು.

"ರೀ, ಈ ಹುಡುಗೀ ಹಿಂದ ಹಿಡಿಯವ್ರು ಯಾರೂ ಬಂದಿಲ್ಲೇನ್ರಿ?"

"ಇದು ಭಜನಿ ಅಲ್ಲ. ಇಲ್ಲಿ ಸುಮ್ಮ ಕುಂತ ಕೇಳಬೇಕು."

"ಎಲ್ಲಾರೂ ಸುಮ್ಮ ಕುಂತ್ರ, ನಾವು ಎಚ್ಚರ ಅದೀವಂತ ಆಕಿಗಿ ಹೆಂಗ ಗೊತ್ತಾಗಬೇಕ್ರಿ?"

ದೇಶಪಾಂಡೆಯವರು ಪಕ್ಕದಲ್ಲೇ ಇದ್ದರು. ನಾನು ಕಣ್ಣು ಮುಚ್ಚಿ, ಗಾಢವಾಗಿ ಕೇಳುತ್ತಿರುವವನಂತೆ ಮುಖ ಮಾಡಿದೆ.

ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು. ಆದರೆ ದಿನಕ್ಕೊಂದು ಊರು ತಿರುಗಿ ಗಂಟಲು ದಣಿದಿತ್ತು. ಹಾಡು ಹಾಡಿನ ನಡುವೆ ಬಿಸಿನೀರು ಗುಟುಕರಿಸುತ್ತಿದ್ದಳು. ಮರಾಠಿ ಹಾಡುಗಳಾದ ಮೇಲೆ, "ನಮ್ಮವ್ವ ತೆಲಸಂಗದಾಕಿ. ಇದು ಆಕೀ ಮಾತಿನ್ಯಾಗ ಬರದದ್ದು," ಎಂದು ಒಂದು ಕನ್ನಡ ಹಾಡು ತೆಗೆದಳು. ಊರು ಬಿಡಲೆಂದು ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತವಳ ಹಾಡು. 'ಬಸ್ಸು ಬಂತು, ಬಸ್ಸು ಹೋತು, ನಾ ಇನ್ನಾ ಇಲ್ಲೇ ಅದೀನಿ' ಎಂಬುದು ಅದರ ಪಲ್ಲವಿ. ಮೊದಲ ಸಲ ಸರಿಯಾಗಿಯೇ ಬಂತು. ಎರಡನೆಯ ಸಲ ಮೇಲಕ್ಕೆ ಏರುವಾಗ ದನಿ ಒಡೆಯಿತು. ಮತ್ತೆ ಪ್ರಯತ್ನಿಸಿದಳು, ಬರೀ ಗಾಳಿ ಬಂತು. ಬೆರಳು ಮಾತ್ರ ಗಿಟಾರ್ ಬಾರಿಸುತ್ತಲೇ ಇದ್ದವು.

ಮಿರಜದ ಸಭೆ ಸಭ್ಯರ ಸಭೆ. ಯಾರೂ ನಗಲಿಲ್ಲ, ಯಾರೂ ಕೆಮ್ಮಲಿಲ್ಲ. ಆ ಸಭ್ಯತೆಗೇ ಹುಡುಗಿಯ ಕಣ್ಣಲ್ಲಿ ನೀರು ಬಂತು. ಇನ್ನೊಂದು ಗಳಿಗೆಗೆ ಎದ್ದು ಒಳಗೆ ಹೋಗುವವಳಿದ್ದಳು. ನನ್ನ ಕರುಳು ಚುರ್ ಎಂದಿತು. ಆದರೆ ಕರುಳು ಚುರ್ ಎಂದಾಗ ರಸಿಕನಾದವನು ಏನು ಮಾಡಬೇಕೆಂದು ನನಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

'ಬಸ್ಸು ಬಂತು, ಬಸ್ಸು ಹೋತು...' ದನಿ ನನ್ನ ಮಗ್ಗುಲಿನಿಂದಲೇ ಎದ್ದಿತು. ನಾನು ಗಾಬರಿಯಾಗಿ ಸುವರ್ಣಾಳ ಸೆರಗು ಜಗ್ಗಿದೆ. ಅವಳು ಸೆರಗು ಬಿಡಿಸಿಕೊಂಡು ಇನ್ನಷ್ಟು ಗಟ್ಟಿಯಾಗಿ ಹಾಡಿದಳು. ದೇಶಪಾಂಡೆಯವರು ತಿರುಗಿ ನೋಡಿದರು. ನನ್ನ ಇಷ್ಟು ವರ್ಷದ ರಸಿಕತೆ ಇಲ್ಲಿಗೆ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ದನಿ ಕೂಡಿಸಿದಳು, ಗಡಿಯ ಈಚೆ ಕಾಗವಾಡ ಕಡೆಯ ಕನ್ನಡದವಳೇ ಇರಬೇಕು. ಆಮೇಲೆ ಒಬ್ಬೊಬ್ಬರಾಗಿ ಇಡೀ ಸಭೆ ಹಿಡಿಯಿತು. ಕನ್ನಡ ಬಾರದವರೂ ಬಸ್ಸಿನ ತನಕ ಹಾಡಿ ಉಳಿದದ್ದನ್ನು ಗುಣುಗಿದರು. ಹುಡುಗಿ ನೀರು ಕುಡಿದಳು, ಕಣ್ಣು ಒರೆಸಿಕೊಂಡಳು, ಉಸಿರು ಬಂದ ಮೇಲೆ ಕೈ ಎತ್ತಿದಳು. ಸುವರ್ಣಾ ಅಲ್ಲಿಗೇ ನಿಲ್ಲಿಸಿ ಸಾಲನ್ನು ಅವಳಿಗೆ ಬಿಟ್ಟುಕೊಟ್ಟಳು. ಹುಡುಗಿ ಹಾಡು ಮುಗಿಸಿದಾಗ ನಾನು ಯಾರ ತಲೆಯನ್ನೂ ನೋಡದೆ ಚಪ್ಪಾಳೆ ತಟ್ಟಿದೆ.

ಕಾರ್ಯಕ್ರಮ ಮುಗಿದ ಮೇಲೆ ಆಕೆ ಇಳಿದು ಬಂದು ಸುವರ್ಣಾಳ ಕೈ ಹಿಡಿದುಕೊಂಡಳು. "ಕಾಕು, ನೀವು ಹಾಡಿರಲಿಲ್ಲಂದ್ರ ನಾ ಎದ್ದ ಹೋಗ್ತಿದ್ನಿ."

"ಹಂಗ್ಯಾಕ ಹೋಗ್ತೀಯವ್ವಾ? ಒಬ್ಬಾಕಿನ ಎಷ್ಟಂತ ಎಳೀತಿ?" ಎಂದಳು ಸುವರ್ಣಾ.

ದೇಶಪಾಂಡೆಯವರು ನನ್ನ ಬೆನ್ನು ತಟ್ಟಿದರು. "ಈಗ ತಿಳೀತ ನೋಡ್ರಿ ಸರ, ನಿಮ್ಮ ಮನ್ಯಾಗ ಹಗಲೆಲ್ಲಾ ಸಂಗೀತನ ಇರ್ತೈತಿ!" ನಾನು ಇಲ್ಲವೆನ್ನಲಿಲ್ಲ.

ಹೀಗೆ ಪುಕ್ಕಟೆ ಬೆಳೆದ ಕೀರ್ತಿ ತಲೆಗೆ ಏರಿರಬೇಕು. ಮುಂದಿನ ಸೋಮವಾರ ನಾನೇ ಭಜನೆಗೆ ಹೋದೆ. ಮಂಡಳಿಯವರು ಆಗಲೇ ಬಸ್ಸಿನ ಹಾಡನ್ನು ತಮ್ಮದಾಗಿ ಮಾಡಿಕೊಂಡಿದ್ದರು. "ಬಸ್ಸಂದ್ರ ಈ ಜನ್ಮ ಅಲ್ಲೇನ್ರಿ ಮಾಸ್ತರ?" ಎಂದು ಎಲ್ಲರಿಗಿಂತ ಹಿರಿಯಳಾದ ಗೌರವ್ವ ಅರ್ಥ ಹೇಳಿದಳು. ಹಾಗಾದರೆ ಕಂಡಕ್ಟರ್ ಯಾರೆಂದು ನಾನು ಕೇಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. "ಇಲ್ಲಿ ಬರೇ ಕೇಳವ್ರಿಗೆ ಜಾಗಾ ಇಲ್ರಿ. ಆ ಬಸ್ಸಿನ ಹಾಡ ನೀವ ಎತ್ರಿ," ಎಂದು ಗೌರವ್ವ ತಾಳ ಕೈಗೆ ಕೊಟ್ಟಳು.

ಎತ್ತಿದೆ. ನನ್ನ ದನಿ ಕೇಳಿ ಹೆಂಗಸರು ಒಮ್ಮೆ ಮುಖ ಮುಖ ನೋಡಿಕೊಂಡರು. ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ, ಬಹಳ ಅಂತಃಕರಣದಿಂದ, ಬಹಳ ಗಟ್ಟಿಯಾಗಿ ಹಿಂದೆ ಹಿಡಿದರು. ನಾನು ಉಸಿರು ಸರಿಮಾಡಿಕೊಂಡು, ಇನ್ನು ಸಾಲು ನನಗೆ ಕೊಡಿ ಎಂದು ಕೈ ಎತ್ತಿದೆ. ಸುವರ್ಣಾ ಆ ಕೈಯನ್ನು ಚೆನ್ನಾಗಿ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಇನ್ನೂ ಜೋರಾಗಿ ಹಾಡಿದಳು.