ಗೋಲ್‌ಪೋಸ್ಟಿನ ಹಿಂದಿನ ಜಾಗ

ತೀರ ನಮ್ಮವರು ಅನ್ನಿಸಿದವರನ್ನು ಮಾತ್ರ ಬಾಯಿ ತುಂಬ ಬೈಯಲು ಬರುತ್ತದೆ ಎಂದು ನಂಬಿದವನು ನಾನು. ಎಂ.ಎ. ಓದಿ, ಜಮಖಂಡಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತ, ತರಗತಿಯಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡದ ನಾನು ಫುಟ್‌ಬಾಲ್ ಮೈದಾನದಲ್ಲಿ ಮಾತ್ರ ಬೇರೆಯೇ ಮನುಷ್ಯ. ನಮ್ಮ ಬನಹಟ್ಟಿ ತಂಡದ ಗೋಲ್‌ಕೀಪರ್ ಸಿದ್ದುವಿನ ಬೆನ್ನ ಹಿಂದೆ ನಿಂತು ಏಳೆಂಟು ವರ್ಷಗಳಿಂದ ಅವನನ್ನು ಬೈಯುತ್ತ ಬಂದಿದ್ದೇನೆ. ಅದಕ್ಕೂ ಮೊದಲು ಅದೇ ಜಾಗದಲ್ಲಿ ಆಡುತ್ತಿದ್ದ ಅವನ ಕಾಕಾನನ್ನು ಬೈಯುತ್ತಿದ್ದೆ. ಸಿದ್ದುವಿನ ದೋಷ ಒಂದೇ. ಚೆಂಡು ಬರುವಾಗ ಗೆರೆ ಬಿಟ್ಟು ಮುಂದೆ ಬರುವುದಿಲ್ಲ. ಬೈದರೆ ಮಾತ್ರ ಬರುತ್ತಾನೆ. ಅಂದ ಮೇಲೆ ತಂಡಕ್ಕೆ ಹನ್ನೊಂದು ಜನ ಆಟಗಾರರು ಎಷ್ಟು ಬೇಕೋ ಬೈಯುವವರೂ ಅಷ್ಟೇ ಬೇಕು.

ಈ ಸೇವೆಯಲ್ಲಿ ನನ್ನ ಜೊತೆಗಾರ ನಮ್ಮ ಓಣಿಯ ಮಲ್ಲಪ್ಪ, ಪವರ್‌ಲೂಮಿನಲ್ಲಿ ಸೀರೆ ನೇಯುವವನು. ಮೊದಲರ್ಧ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ ನಾವೂ ಬದಲಿಸಬೇಕಲ್ಲ! ಹಾಸಿದ ಜಮಖಾನೆಯ ನಾಲ್ಕು ಮೂಲೆಯನ್ನು ನಾವಿಬ್ಬರು, ಓಣಿಯ ಇನ್ನಿಬ್ಬರು ಹಿಡಿದು, ನಡುವೆ ಉಳಿದ ಚುರುಮುರಿ, ಭಜಿ ಸಮೇತ ಮೈದಾನ ಸುತ್ತಿ ಆ ಕಡೆಯ ಗೋಲ್‌ಪೋಸ್ಟಿನ ಹಿಂದೆ ಹೋಗಿ ಕೂರುವುದು ನಮ್ಮ ಪದ್ಧತಿ. ಒಂದು ಕಾಳು ಚುರುಮುರಿ ಕೆಳಗೆ ಬೀಳುತ್ತಿರಲಿಲ್ಲ ಎಂದು ನನಗೆ ನೆನಪು. ಆದರೆ ನೆನಪನ್ನು ಹೇಗೆ ನಂಬುವುದು? ಮೊನ್ನೆ ಹಳೆಯ ದಿನಚರಿ ತೆಗೆದು ನೋಡಿದೆ. ಅದರಲ್ಲಿ ಜಮಖಾನೆಯೇ ಇಲ್ಲ, ಗೋಣಿತಟ್ಟು ಎಂದಿದೆ. ‘ಭಜಿ ಎಲ್ಲ ಮಣ್ಣುಪಾಲು’ ಎಂದೂ ಇದೆ. ನಾವು ಬೈದು ಗೆಲ್ಲಿಸಿದೆವು ಎಂದುಕೊಂಡಿದ್ದ ಒಂದು ಪಂದ್ಯದಲ್ಲಿ ಸೋತಿದ್ದೆವಂತೆ. ಇರಲಿ. ಬೈದದ್ದಂತೂ ಸುಳ್ಳಲ್ಲ.

ಈ ವರ್ಷ ನಮ್ಮ ಪಂದ್ಯಾವಳಿ ಲೀಗ್ ಆಯಿತು. ಲೋಕಾಪುರದ ಸಿಮೆಂಟ್ ವ್ಯಾಪಾರಿಯೊಬ್ಬರು ನಮ್ಮ ತಂಡವನ್ನು ಕೊಂಡರು. ಬನಹಟ್ಟಿ ತಂಡ ರಾತ್ರೋರಾತ್ರಿ ‘ಥಂಡರ್ ಟೈಗರ್ಸ್’ ಆಗಿಬಿಟ್ಟಿತು.

“ನಮ್ಮ ಬನಹಟ್ಟ್ಯಾಗ ಹುಲಿ ಯಾವಾಗ ಬಂದಿತ್ರಿ ಮಾಸ್ತರ?” ಎಂದ ಮಲ್ಲಪ್ಪ.

ಹುಲಿ ಬಂದರೆ ಬರಲಿ, ಅದರ ಹಿಂದೆ ನಂಬರು ಹಾಕಿದ ಕುರ್ಚಿಗಳು ಬಂದವು, ಹಾಡು ಹಾಕಿ ಕುಣಿಸುವ ಡಿಜೆ ಬಂದಿತು, ಗೋಲ್‌ಪೋಸ್ಟಿನ ಹಿಂದೆ ಎದೆಯೆತ್ತರದ ಜಾಹೀರಾತಿನ ಬೋರ್ಡುಗಳು ಬಂದವು. ಸೆಮಿಫೈನಲ್ ದಿನ ಮೊದಲರ್ಧ ಸಿದ್ದು ಇದ್ದ ತುದಿಯ ಕುರ್ಚಿಗಳ ಮುಂದೆಯೇ ಕೂತು ಬೈದು, ಹಾಫ್ ಟೈಮಿಗೆ ನಾವು ರೂಢಿಯಂತೆ ಜಮಖಾನೆ ಎತ್ತಿಕೊಂಡು ಹೊರಟೆವು. ಲೀಗಿನ ಮೇಲ್ವಿಚಾರಣೆಗೆ ನಿಂತಿದ್ದ ಪ್ರವೀಣ ಅಡ್ಡ ಬಂದ. ಹಿಪ್ಪರಗಿಯವನು, ನನ್ನ ಹಳೆಯ ವಿದ್ಯಾರ್ಥಿ.

“ಎಲ್ಲಿಗೆ ಹೊಂಟ್ರಿ ಕಾಕಾ? ನಿಮ್ಮ ಕುರ್ಚಿ ಇಲ್ಲೇ ಐತಲ್ರಿ.”

“ಕುರ್ಚಿ ಇಲ್ಲೇ ಇರ್ಲಿ ತಮ್ಮಾ. ನಾವು ಸಿದ್ದ್ಯಾನ ಹಿಂದ ಹೊಂಟೀವಿ,” ಎಂದ ಮಲ್ಲಪ್ಪ.

“ಹಂಗ ಬರಂಗಿಲ್ರಿ. ಅಲ್ಲಿ ಬೋರ್ಡ್ ಅದಾವ್ರಿ.”

“ಬೋರ್ಡ್ ಬೈತಾವೇನಲೇ ಅವಂಗ?”

ಬೋರ್ಡು ಬೈಯಲಿಲ್ಲ. ಸಿದ್ದು ಗೆರೆ ಬಿಟ್ಟು ಅಲುಗಲಿಲ್ಲ. ಎರಡನೇ ಅರ್ಧದಲ್ಲಿ ಎರಡು ಗೋಲು ಬಿಟ್ಟ. ಮೊದಲರ್ಧದಲ್ಲಿ ಮೂರು ಹೊಡೆದಿದ್ದೆವು, ಉಳಿದುಕೊಂಡೆವು. ಫೈನಲ್ ಮುಧೋಳದವರ ಜೊತೆ. ಹೀಗೇ ಆದರೆ ಸೋಲು ಖಚಿತ ಎಂದು ನಾನು ಪ್ರವೀಣನ ಬೆನ್ನು ಬಿದ್ದೆ. ಅವನು ತಲೆ ಕೆರೆದುಕೊಂಡು ಒಂದು ದಾರಿ ಹೇಳಿದ.

“ಬೋರ್ಡಿನ ಒಳಗ ಅಧಿಕೃತ ಅಭಿಮಾನಿ ಅಂತ ಇಬ್ಬರನ್ನ ನಿಲ್ಲಸ್ತೀವಿ ಸರ್. ನೀವು, ಮಲ್ಲಪ್ಪಕಾಕಾ ನಿಲ್ರಿ. ಹಾಫ್ ಟೈಮ್‌ದಾಗ ಆ ಕಡೆ ಹೋಗಾಕೂ ಬಿಡ್ತೀವಿ. ಆದ್ರ ಹುಲಿ ಮುಖವಾಡ ಹಾಕ್ಕೋಬೇಕು. ಮತ್ತ ಮೊಬೈಲ್‌ದಾಗ ಲೈವ್ ಹೊಕ್ಕೈತ್ರಿ, ಬೈಯಂಗಿಲ್ಲ.”

ಮಲ್ಲಪ್ಪ ಕೇಳಿದವನೇ ಎದ್ದು ನಿಂತ. “ಮುಖವಾಡ ಹಾಕ್ಕೊಂಡು ಬೈಯಾಂವ ಹೇಡಿ. ಹಾಕ್ಕೊಂಡು ಬೈಯದನ ನಿಂದ್ರಾಂವ ಏನ್ರಿ ಮಾಸ್ತರ? ನೀವ ಹೇಳ್ರಿ.”

ತನಗೆ ಕುರ್ಚಿಯೇ ಸಾಕೆಂದು ಅವನು ಹೊರಟ. ಆ ಜಾಗ ಪೂರ್ತಿ ಕೈಬಿಟ್ಟು ಹೋಗುವುದಕ್ಕಿಂತ ಅಲ್ಲಿ ಹೇಗಾದರೂ ಇರುವುದು ವಾಸಿ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಫೈನಲ್ ದಿನ ಸಂಜೆ ಬಿಸಿಲಲ್ಲಿ ಹುಲಿಯಾಗಿ ನಿಂತೆ. ಕೈಯಲ್ಲಿ ಗಾಳಿ ತುಂಬಿದ ಎರಡು ಪ್ಲಾಸ್ಟಿಕ್ ಕೋಲು. ಡಿಜೆ ಸೂಚನೆ ಕೊಟ್ಟಾಗಲೆಲ್ಲ ಅವನ್ನು ಟಪಟಪ ಬಡಿಯಬೇಕು. ಮುಖವಾಡದೊಳಗೆ ಬೆವರು ಕಣ್ಣಿಗಿಳಿದು ಚೆಂಡು ಎಲ್ಲಿದೆಯೋ ಕಾಣದು. ಸಿದ್ದು ಹತ್ತು ಹೆಜ್ಜೆ ದೂರದಲ್ಲಿ ಗೆರೆಗೆ ಅಂಟಿ ನಿಂತಿದ್ದ. ‘ಮುಂದ ಬಾರಲೇ!’ ಎಂಬುದು ಗಂಟಲಿನವರೆಗೆ ಬಂತು. ಎದುರಿಗೆ ಕ್ಯಾಮೆರಾ ಇತ್ತು. ನುಂಗಿಕೊಂಡೆ. ಮುಧೋಳದವರು ಗೋಲು ಹೊಡೆದರು. ಡಿಜೆಗೆ ಯಾರ ಗೋಲಾದರೇನು, ಸೂಚನೆ ಬಂದೇಬಿಟ್ಟಿತು. ನಾನು ಬಡಿದೆ. ಸಿದ್ದು ತಿರುಗಿ ಹುಲಿಯನ್ನು ನೋಡಿದ ನೋಟವನ್ನು ವರ್ಣಿಸಲಾರೆ.

ಅಷ್ಟರಲ್ಲಿ ಮೈದಾನದ ಆ ತುದಿಯ ಕುರ್ಚಿಗಳ ಕಡೆಯಿಂದ, ಡಿಜೆಯ ಸದ್ದನ್ನು ಸೀಳಿಕೊಂಡು ಒಂದು ದನಿ ಬಂತು: “ಏ ಸಿದ್ದ್ಯಾ! ಕಾಲು ಹೂತಾವೇನಲೇ? ಮುಂದ ಹೋಗಲೇ ಭಾಡ್ಯಾ!” ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದ ಗಂಟಲು ಮಲ್ಲಪ್ಪನದು. ಅದೇ ಗದ್ದಲದಲ್ಲಿ ದುಡಿಯುವ ಕಿವಿ ಸಿದ್ದುವಿನದು. ಡಿಜೆ ಯಾವ ಲೆಕ್ಕ? ಸಿದ್ದು ಬೆಚ್ಚಿಬಿದ್ದವನಂತೆ ನಾಲ್ಕು ಹೆಜ್ಜೆ ಮುಂದೆ ಹೋದ. ಮತ್ತೆ ಒಂದೂ ಗೋಲು ಬಿಡಲಿಲ್ಲ. ನಾವು ಎರಡು ಹೊಡೆದು ಗೆದ್ದೆವು.

ಪಂದ್ಯ ಮುಗಿದ ಮೇಲೆ ಬೋರ್ಡಿನ ಮರೆಯಲ್ಲಿ ಮುಖವಾಡ ಕಿತ್ತು ಚೀಲಕ್ಕೆ ತುರುಕಿ, ಮುಖ ಒರೆಸಿಕೊಂಡು ಹೋದೆ. ಸಿದ್ದು ಮಲ್ಲಪ್ಪನ ಕಾಲು ಮುಟ್ಟುತ್ತಿದ್ದ. ನನ್ನನ್ನು ಕಂಡು ಮುಖ ಸಣ್ಣದು ಮಾಡಿಕೊಂಡ.

“ಏನ್ರಿ ಸರ್, ಫೈನಲ್‌ಗ ನೀವ ಬರ್ಲಿಲ್ಲಲ್ರಿ! ಯಾವನೋ ಒಬ್ಬ ಹುಲಿ ಮಾರಿ ಹಾಕ್ಕೊಂಡು ನನ್ನ ಹಿಂದ ನಿಂತು ಟಪಟಪ ಅಂತ ತಲಿ ತಿಂದ. ಅವರ ಗೋಲಿಗೂ ಬಡದ ರೀ ಅಂವ! ನೀವರ ಇದ್ದಿದ್ರ ಅವನ್ನ ಬೈದು ಓಡಸ್ತಿದ್ರಿ.”

ಮಲ್ಲಪ್ಪ ನನ್ನ ಚೀಲವನ್ನೊಮ್ಮೆ ನೋಡಿ, ಆಕಾಶ ನೋಡತೊಡಗಿದ.

“ಖರೆ ಐತಿ ಸಿದ್ದು,” ಎಂದೆ. “ಅಂಥವರನ್ನ ಮೈದಾನದಾಗ ಬಿಡಬಾರದು ನೋಡು.”