ಜರಾ ಗದ್ದ ಮ್ಯಾಲ ಮಾಡ್ರಿ

ಫೋಟೋ ಸ್ಟುಡಿಯೋ ಇಟ್ಟವನು ನಗುವಂಥ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗ್ಗೆ ಶಟರ್ ಎತ್ತಿದರೆ ಸಾಕು, ಅವು ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ತೊಂದರೆ ಏನೆಂದರೆ, ಅವು ನಡೆಯುವಾಗ ನಾನು ನಗುವಂತಿಲ್ಲ. ಗಿರಾಕಿಗಳು ಎದುರಿಗೆ ಕುಳಿತಿರುತ್ತಾರೆ, ನಾನು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು ಹಲ್ಲು ಕಚ್ಚಿರುತ್ತೇನೆ.

ನನ್ನ ಅಂಗಡಿ ಆಳಂದದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿದೆ. ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ಆದರೂ ಜನ ನನ್ನ ಹತ್ತಿರ ಬರುವುದು ಒಂದೇ ಕಾರಣಕ್ಕೆ. ಮೊಬೈಲಿನಲ್ಲಿ ಅವರು ಇದ್ದ ಹಾಗೆ ಬರುತ್ತಾರೆ, ನನ್ನಲ್ಲಿ ತಾವು ಅಂದುಕೊಂಡ ಹಾಗೆ ಬರುತ್ತಾರೆ. ಈ ವ್ಯತ್ಯಾಸದ ಮೇಲೆಯೇ ನನ್ನ ಮನೆಯ ಒಲೆ ಉರಿಯುತ್ತದೆ.

ಒಂದೇ ಕೋಟು

ನನ್ನ ಸ್ಟುಡಿಯೋದಲ್ಲಿ ಒಂದು ಕರಿ ಕೋಟು ಇದೆ. ಅದಕ್ಕೆ ಮುಂಭಾಗ ಮಾತ್ರ ಇದೆ, ಬೆನ್ನಿಲ್ಲ. ಬಿಳಿ ಅಂಗಿಯ ಎದೆ, ಕಾಲರ್, ಕೆಂಪು ಟೈ ಎಲ್ಲವನ್ನೂ ಕೂಡಿಸಿ ಹೊಲಿಸಿದ್ದೇನೆ. ಹಿಂದೆ ಲಾಡಿ ಬಿಗಿದರೆ ಕಡ್ಡಿಯಂಥವನಿಗೂ ಆಗುತ್ತದೆ, ಸಡಿಲ ಬಿಟ್ಟರೆ ಹೊಟ್ಟೆ ಬಂದವರಿಗೂ ಆಗುತ್ತದೆ. ಮುಂದಿನಿಂದ ನೋಡಿದರೆ ದೊಡ್ಡ ಸಾಹೇಬ, ಹಿಂದಿನಿಂದ ನೋಡಿದರೆ ಬನಿಯನ್.

ಪಂಚಾಯತಿ ಚುನಾವಣೆ ಹತ್ತಿರ ಬಂದಾಗ ಒಂದೂರಿನ ಹಿರಿಯರೊಬ್ಬರು ಬ್ಯಾನರ್‌ಗೆ ಬೇಕೆಂದು ಈ ಕೋಟಿನಲ್ಲಿ ಫೋಟೋ ತೆಗೆಸಿಕೊಂಡರು. ಮರುದಿನ ಅವರ ಎದುರಾಳಿ ಬಂದರು. ಅವರಿಗೂ ಅದೇ ಕೋಟು. ಇಬ್ಬರ ಬ್ಯಾನರೂ ಊರಿನ ಒಂದೇ ಬೇವಿನ ಮರಕ್ಕೆ ಅಕ್ಕಪಕ್ಕ ತೂಗಿದ ಮೇಲೆ ಮೊದಲಿನವರು ಉರಿಯುತ್ತ ಅಂಗಡಿಗೆ ಬಂದರು.

"ಅವಗ ನನ್ನ ಕೋಟು ಯಾಕ ಕೊಟ್ರಿ?"

"ಕೋಟು ನಂದರಿ ಕಾಕಾ. ಅವರೂ ಗಿರಾಕಿ, ಕೇಳಿದ್ರು, ಕೊಟ್ಟೆ."

"ಮಂದಿ ನಮ್ಮಿಬ್ಬರಿಗೂ ಅಣ್ತಮ್ರು ಅಂತ ನಗಾಕತ್ತಾರ. ನನ್ನ ಬ್ಯಾನರ್‌ದಾಗಿಂದು ಕೋಟು ತಗದು ಬಿಡ್ರಿ."

"ತಗದ್ರ ಒಳಗ ಬನಿಯನ್ ಅದರಿ. ಸೆಕಿ ಅಂತ ನೀವೇ ಅಂಗಿ ಬಿಚ್ಚಿಟ್ಟಿದ್ರಿ."

ಅವರು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಹಂಗಿದ್ರ ನಂದು ಇರ್ಲಿ. ಅವಂದು ತಗೀರಿ."

ಮನಸ್ಸಿನಲ್ಲಿ ಯಾರು?

ಗಿರಾಕಿಗಳು ನನ್ನನ್ನು ಮರೆಯಬಾರದೆಂದು ದಿನಾ ಬೆಳಗ್ಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೋದ ಬಗ್ಗೆ ಒಂದೊಂದು ಬುದ್ಧಿಮಾತು ಹಾಕುತ್ತೇನೆ. ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಫೋಟೋ ತೆಗೆಯಬೇಡಿ, ನಮ್ಮ ಕಡೆಯ ಬಿಸಿಲಿಗೆ ಕಣ್ಣೇ ಉಳಿಯುವುದಿಲ್ಲ. ಬೆನ್ನ ಹಿಂದೆ ಒಣಗಹಾಕಿದ ಬಟ್ಟೆ ಇದೆಯೇ ನೋಡಿಕೊಳ್ಳಿ. ಇವೆಲ್ಲ ನಿರುಪದ್ರವಿ ಮಾತುಗಳು. ಒಂದು ದಿನ ಮಾತ್ರ ಬುದ್ಧಿ ಸ್ವಲ್ಪ ಹೆಚ್ಚಾಗಿ, "ಫೋಟೋ ತೆಗೆಸಿಕೊಳ್ಳುವಾಗ ನಿಮಗೆ ತುಂಬ ಇಷ್ಟವಾದವರನ್ನು ನೆನೆಸಿಕೊಳ್ಳಿ, ಮುಖ ತಾನೇ ಅರಳುತ್ತದೆ" ಎಂದು ಹಾಕಿಬಿಟ್ಟೆ.

ನರೋಣಾದಿಂದ ಗಂಡ ಹೆಂಡತಿ ಜೋಡಿ ಫೋಟೋಕ್ಕೆ ಬಂದರು. ಮೊಮ್ಮಕ್ಕಳನ್ನು ಕಂಡವರು. ಗಂಡನದು ಹುಟ್ಟು ಸಿಟ್ಟಿನ ಮುಖ. "ಜರಾ ನಗ್ರಿ ಯಜಮಾನ್ರ" ಎಂದರೆ ಹಲ್ಲುನೋವು ಬಂದವರ ಹಾಗೆ ತುಟಿ ಎಳೆದರು.

ಹೆಂಡತಿಯೇ ನೆನಪು ಮಾಡಿದರು. "ಮೊಬೈಲ್‌ದಾಗ ಸರ್ ಹೇಳ್ಯಾರಲ್ರಿ, ಬೇಕಾದವರನ್ನ ಮನಸ್ಸಿನ್ಯಾಗ ನೆನಸ್ರಿ."

ಯಜಮಾನರು ಕಣ್ಣು ಮುಚ್ಚಿದರು, ನೆನೆಸಿದರು, ಕಣ್ಣು ತೆರೆದರು. ಏನು ಹೇಳಲಿ, ಆ ಮುಖದಲ್ಲಿ ಅಂಥ ನಗು ಇದೆಯೆಂದು ಅವರಿಗೇ ಗೊತ್ತಿರಲಿಲ್ಲ! ನಾನು ಪಟ್ಟನೆ ಕ್ಲಿಕ್ ಹೊಡೆದೆ. ಪರದೆಯ ಮೇಲೆ ಫೋಟೋ ತೋರಿಸಿದ್ದೇ ತಡ, ಹೆಂಡತಿಯ ಮುಖ ಬಿಗಿಯಿತು.

"ಯಾರನ್ನ ನೆನಸಿದ್ರಿ?"

"ನಿನ್ನೇ ನೆನಸೀನಿ."

"ಸುಳ್ಳ ಹೇಳಬ್ಯಾಡ್ರಿ. ನಾ ದಿನಾ ಕಣ್ಣೆದುರಿಗೇ ಇರ್ತೇನಿ. ಒಂದಿನಾನೂ ಹಿಂಗ ನಕ್ಕಿಲ್ಲ. ಯಾರಕಿ ಅಕಿ, ಹೇಳ್ರಿ?"

ಯಜಮಾನರು ನನ್ನ ಕಡೆ ನೋಡಿದರು. ನಾನು ಲೆನ್ಸ್ ಒರೆಸತೊಡಗಿದೆ. ಕೊನೆಗೆ ತಲೆ ತಗ್ಗಿಸಿ ಒಪ್ಪಿಕೊಂಡರು. "ನಮ್ಮ ಎಮ್ಮಿ. ಮೊನ್ನಿ ಹೆಣ್ಣು ಕರ ಹಾಕ್ತಲ್ಲ, ಅದನ್ನ ನೆನಸೀನಿ."

ಹೆಂಡತಿ ಫೋಟೋವನ್ನು ಮತ್ತೊಮ್ಮೆ ಹತ್ತಿರದಿಂದ ನೋಡಿದರು. "ಹೌದ್ರಿ ಸರ್, ಖರೆ ಅದ. ಇದು ಎಮ್ಮಿ ನಗೀನೇ. ಹಾಲು ಹಿಂಡುವಾಗ ದಿನಾ ನೋಡ್ತೇನಿ." ಆಮೇಲೆ ಹಟ ಹಿಡಿದು ಗಂಡನಿಂದ ತಮ್ಮನ್ನು ನೆನೆಸಿ ಇನ್ನೊಂದು ಫೋಟೋ ತೆಗೆಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮನೆಗೆ ಒಯ್ದದ್ದು ಎಮ್ಮೆಯದನ್ನೇ.

ಅಪ್ಪನ ವಯಸ್ಸು

ಸರಸಂಬಾದ ರೈತರೊಬ್ಬರು ತಮ್ಮ ತಾಯಿಯನ್ನು ಕರೆತಂದಿದ್ದರು. ಮಗನಿಗೇ ತಲೆ ನರೆತಿತ್ತು. ತಂದೆ ತೀರಿಕೊಂಡಾಗ ಇವರು ತೊಟ್ಟಿಲಲ್ಲಿದ್ದರಂತೆ. ಅಪ್ಪ ಅವ್ವ ಒಟ್ಟಿಗೆ ಇದ್ದ ಫೋಟೋ ಒಂದೂ ಇಲ್ಲ. ತಂದೆಯದು ಯಾರದೋ ಮದುವೆಯಲ್ಲಿ ತೆಗೆದ ಹಳೆಯ ಫೋಟೋ ಒಂದಿತ್ತು. ಅದನ್ನೂ ತಾಯಿಯ ಈಗಿನ ಫೋಟೋವನ್ನೂ ಕೂಡಿಸಿ ಒಂದೇ ಫ್ರೇಮಿನಲ್ಲಿ ಕೊಡಿ ಎಂದರು.

ಕೂಡಿಸಿದೆ. ಎಡಕ್ಕೆ ಚಿಗುರು ಮೀಸೆಯ ತರುಣ, ಬಲಕ್ಕೆ ಬೊಚ್ಚುಬಾಯಿಯ ಮುದುಕಿ. ಅಜ್ಜಿ ಮೊಮ್ಮಗನನ್ನು ಪರೀಕ್ಷೆಗೆ ಕಳಿಸಲು ಬಂದ ಹಾಗಿತ್ತು. ತಾಯಿ ಅದನ್ನು ನೋಡಿ ದೊಡ್ಡದಾಗಿ ನಕ್ಕರು.

"ಇದೇನೋ ತಮ್ಮಾ? ನಾ ಒಬ್ಬಾಕಿನೇ ಹೊಲ ಮಾಡಿ, ಈ ಮಗನ್ನ ಜ್ವಾಕಿ ಮಾಡಿ ಇಷ್ಟು ಮುದಕಿ ಆಗೀನಿ. ಇಂವ ಆರಾಮ ಕುಂತು ಹಂಗೇ ತರುಣ ಉಳದಾನ!"

ಅವರು ನಕ್ಕರು ನಿಜ, ನನಗೂ ಅವರ ಮಗನಿಗೂ ನಗಲು ಆಗಲಿಲ್ಲ. ಅಜ್ಜಿಯೇ ಮುಂದುವರಿಸಿದರು. "ಅವಂಗೂ ವಯಸ್ಸು ಮಾಡು. ನನ್ನ ಸಂಗಟ ಮುದುಕ ಆಗ್ಲಿ."

ಅವತ್ತು ಮಧ್ಯಾಹ್ನದ ಊಟ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ಮಗನ ಮುಖವನ್ನೇ ನೋಡಿಕೊಂಡು ಅಪ್ಪನ ಹಣೆಗೆ ಗೆರೆ ಎಳೆದೆ, ಕೆನ್ನೆ ಒಳಗೆ ಹಾಕಿದೆ, ಮೀಸೆಗೆ ಬಿಳಿ ಬಳಿದೆ, ರುಮಾಲು ಸುತ್ತಿದೆ. ಇಷ್ಟು ಮನಸ್ಸಿಟ್ಟು ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅಜ್ಜಿಯನ್ನು ಕರೆದು ತೋರಿಸಿದೆ.

ಅಜ್ಜಿ ಒಂದು ಕ್ಷಣ ನೋಡಿ ಗಡಬಡಿಸಿ ತಲೆ ಮೇಲೆ ಸೆರಗು ಎಳೆದುಕೊಂಡರು. "ಯಾಂವೋ ಈ ಮುದುಕ? ಗುರ್ತಿಲ್ಲದ ಗಂಡಸಿನ ಬಾಜೂಕ ನನಗ ಯಾಕ ಕುಂದ್ರಿಸೀದಿ?"

ಕಿಟಕಿಯ ಅಳತೆ

ಇದು ನನ್ನ ಮಾನ ಹೋದ ಪ್ರಸಂಗ.

ಅಫಜಲಪುರದ ಹುಡುಗಿಯೊಬ್ಬಳನ್ನು ಆಳಂದದಲ್ಲಿರುವ ಅವಳ ಸೋದರತ್ತೆ ನನ್ನ ಸ್ಟುಡಿಯೋಕ್ಕೆ ಕರೆತಂದರು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ. ಹುಡುಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಲಕ್ಷಣವಾಗಿದ್ದಾಳೆ, ಆದರೆ ನನ್ನ ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕು, ಅಷ್ಟು ಎತ್ತರ. ಇದೊಂದೇ ಕಾರಣಕ್ಕೆ ಬಂದ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ತಿರುಗಿ ಹೋಗಿದ್ದವು. "ಇದೂ ಕೂಡಲಿಲ್ಲಂದ್ರ ನಾ ಮತ್ತ ಫೋಟೋಕ್ಕ ನಿಂದ್ರಂಗಿಲ್ಲ ನೋಡತ್ತಿ" ಎಂದಳು. ಅವಳು ತಮಾಷೆಗೆ ಅಂದದ್ದಲ್ಲ, ಕಣ್ಣಲ್ಲಿ ನೀರಿತ್ತು.

ಸೋದರತ್ತೆ ನನ್ನನ್ನು ಬದಿಗೆ ಕರೆದು, "ಜರಾ ಗಿಡ್ಡ ಬರೂಹಂಗ ಮಾಡ್ರಿ" ಎಂದರು. ನಮ್ಮ ಕಸುಬಿನಲ್ಲಿ ಇದೇನು ದೊಡ್ಡ ಮಾತಲ್ಲ. ಸೀರೆಯ ಒಳಗೆ ಮೊಣಕಾಲು ಮಡಚಿ ನಿಲ್ಲಲು ಹೇಳಿದೆ. ನಿಂತಳು. ಫೋಟೋ ಚೆನ್ನಾಗಿ ಬಂತು.

ಅದೇ ವಾರ ಜೇವರ್ಗಿ ಕಡೆಯ ಇಜೇರಿಯಿಂದ ಒಬ್ಬ ಹುಡುಗ ಬಂದ. ಅವನ ಅಕ್ಕನನ್ನು ಕೊಟ್ಟದ್ದು ಆಳಂದಕ್ಕೆ, ಅವಳೇ ಕರೆತಂದಿದ್ದಳು. ಹುಡುಗ ಕರೆಂಟಿನ ಲೈನ್‌ಮನ್, ನಗುಮುಖ, ಆದರೆ ಕುಳ್ಳ. "ಜರಾ ಎತ್ತರ ಮಾಡ್ರಿ ಅಣ್ಣಾರ" ಎಂದಳು ಅಕ್ಕ. ಒಂದು ಮಣೆ ಇಟ್ಟು, ಅದರ ಮೇಲೆ ಜಮಖಾನೆ ಹಾಸಿ, ಮುಂದೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು ಅವನನ್ನು ಹತ್ತಿಸಿದೆ. ಅದೂ ಚೆನ್ನಾಗಿ ಬಂತು. ಈ ಇಬ್ಬರ ನಡುವೆಯೇ ಮಾತುಕತೆ ನಡೆಯಲಿದೆ ಎಂದು ನನಗೆ ಯಾರು ಹೇಳಬೇಕು?

ಹದಿನೈದು ದಿನದ ಮೇಲೆ ಸೋದರತ್ತೆ ಎರಡೂ ಫೋಟೋ ಹಿಡಿದು ಖುಷಿಯಲ್ಲಿ ಬಂದರು. ಎರಡರಲ್ಲೂ ಹಿಂದೆ ನನ್ನದೇ ಪರದೆ, ಅದರ ಮೇಲೆ ಬಣ್ಣದಲ್ಲಿ ಬರೆದ ಅದೇ ಕಿಟಕಿ. ಎರಡೂ ಮನೆಯ ಹಿರಿಯರು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಆ ಕಿಟಕಿಯಿಂದಲೇ ಎತ್ತರ ಅಳೆದಿದ್ದರು.

"ನೋಡ್ರಿ, ಹುಡುಗನ ತಲಿ ಕಿಟಕಿ ಮ್ಯಾಲಿನ ಪಟ್ಟಿಗೆ ಹತ್ಯದ. ನಮ್ಮ ಹುಡುಗೀದು ನಾಕ್ ಬಟ್ಟು ಕೆಳಗ ಅದ, ನೆಟ್ಟಗಾದ್ರೂ ಸರಿಸಮ ಆಗ್ತಾಳ. ಬರೋಬ್ಬರಿ ಜೋಡಿ! ನಿಮ್ಮ ಪರದಾದಿಂದ ಕೂಡಿದ ಸಂಬಂಧ, ನೀವೂ ಹೆಣ್ಣು ನೋಡೂ ಶಾಸ್ತ್ರಕ್ಕ ಬರ್ಬೇಕು."

ಹೇಳಿದರೆ ಸಂಬಂಧ ಮುರಿಯುತ್ತದೆ, ಹೇಳದಿದ್ದರೂ ಅಲ್ಲಿ ಹೋಗಿ ಮುರಿಯುತ್ತದೆ. ಆ ಹುಡುಗಿಯ ಕಣ್ಣೀರು ನೆನಪಾಯಿತು. ಸುಮ್ಮನೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅಫಜಲಪುರದ ಬಸ್ಸು ಹತ್ತಿದೆ.

ಹುಡುಗಿಯ ಮನೆಯಲ್ಲಿ ಹುಡುಗ ಬಂದವನೇ ಕುರ್ಚಿಯಲ್ಲಿ ಕುಳಿತ. ಯಾರು ಬಂದರೂ ಏಳಲಿಲ್ಲ. "ಎಷ್ಟು ಗಂಭೀರ ಅದಾನ" ಎಂದರು ಹುಡುಗಿಯ ಕಡೆಯವರು. ಹುಡುಗಿ ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಬೆನ್ನು ಬಗ್ಗಿಸಿಕೊಂಡೇ ಬಂದಳು, ಬಗ್ಗಿಕೊಂಡೇ ಚಾಪೆಯ ಮೇಲೆ ಕುಳಿತಳು. "ಎಷ್ಟು ನಾಚಿಕಿ, ಪಾಪ" ಎಂದರು ಹುಡುಗನ ತಾಯಿ. ನಿಜ ಗೊತ್ತಿದ್ದ ನಾನು ಸುಸಲಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಬ್ಬರೂ ಕಣ್ಣಲ್ಲೇ ಒಪ್ಪಿಕೊಂಡದ್ದು ಎಲ್ಲರಿಗೂ ಕಾಣುತ್ತಿತ್ತು. ಅಂತೂ ಪಾರಾದೆ ಎಂದುಕೊಂಡೆ. ಅಷ್ಟರಲ್ಲಿ ಹುಡುಗಿಯ ಮುತ್ಯಾ, ಅಂದರೆ ಅಜ್ಜ, ಬಾಯಿ ತೆರೆದರು.

"ಫೋಟೋದವರು ಹ್ಯಾಂಗೂ ಬಂದಾರ. ಇಬ್ರೂ ನಿಂದ್ರಿ, ಒಂದು ಜೋಡಿ ಫೋಟೋ ಆಗ್ಲಿ."

"ಕುಂತದ್ದೇ ಚಂದ ಬರ್ತದರಿ ಮುತ್ಯಾ" ಎಂದೆ. "ಇಲ್ಲಿ ಬೆಳಕು ಕೆಳಗ ಅದ."

"ಬೆಳಕು ಕೆಳಗ ಇರಾಕ ಸೂರ್ಯಾ ಏನು ನೆಲದಾಗ ಹುಟ್ಯಾನೇನೋ? ಏಳ್ರಿ ಇಬ್ರೂ!"

ಎದ್ದರು. ಹುಡುಗಿ ಸೀರೆಯೊಳಗೆ ಮೊಣಕಾಲು ಮಡಚಿದಳು. ಹುಡುಗ ಧೋತರದ ಅಂಚಿನೊಳಗೆ ತುದಿಗಾಲಿನಲ್ಲಿ ನಿಂತ. ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಿಲ್ಲ, ಇಬ್ಬರ ಕಾಲೂ ಗಡಗಡ ನಡುಗುತ್ತಿವೆ. ನಾನು ಬೇಗ ಹೊಡೆದು ಮುಗಿಸೋಣವೆಂದರೆ ಇಬ್ಬರೂ ಅಲುಗಾಡಿ ಫೋಕಸ್ಸೇ ಕೂರಲಿಲ್ಲ. ಹುಡುಗ ಒಮ್ಮೆ ಮುಂದೆ ವಾಲಿದ, ಒಮ್ಮೆ ಹಿಂದೆ ವಾಲಿದ, ಆಮೇಲೆ ಪೂರಾ ಆಯ ತಪ್ಪಿದ. ಬೀಳುವವನನ್ನು ಹಿಡಿಯಲು ಹುಡುಗಿ ಸಟ್ಟನೆ ನೆಟ್ಟಗಾಗಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

ಹುಡುಗನ ತಲೆ ಅವಳ ಕಿವಿಯ ಹತ್ತಿರಕ್ಕೆ ಬಂದಿತ್ತು.

"ನಾ ಫೋಟೋದಾಗ ಮಣಕಾಲ ಮಡಚಿ ನಿಂತಿದ್ದೆ" ಎಂದಳು ಹುಡುಗಿ. ಧ್ವನಿ ಒಡೆದಿತ್ತು.

"ನಾ ಮಣಿ ಮ್ಯಾಲ ನಿಂತಿದ್ದೆ" ಎಂದ ಹುಡುಗ.

ಹುಡುಗನ ತಾಯಿ ಎದ್ದು ನಿಂತರು. "ಮಂದಿ ಏನಂತಾರೋ? ಹೆಣ್ಣು ಇಷ್ಟು ಎತ್ತರ!"

ಹುಡುಗ ಅವಳು ಹಿಡಿದ ಕೈ ಬಿಡಿಸಿಕೊಳ್ಳಲಿಲ್ಲ. "ಯವ್ವಾ, ನಾ ದಿನಾ ಕಂಬ ಹತ್ತಾಂವ ಅದೀನಿ. ಎತ್ತರಕ್ಕ ನಾ ಅಂಜ್ತೇನಂತ ಯಾರ ಹೇಳ್ಯಾರ ನಿನಗ?"

ಮೊದಲು ನಕ್ಕವಳು ಹುಡುಗಿ. ಆಮೇಲೆ ಮುತ್ಯಾ, ಆಮೇಲೆ ಇಡೀ ಮನೆ, ಕೊನೆಗೆ ಹುಡುಗನ ತಾಯಿ. ನಾನೂ ನಕ್ಕೆ. ನಗಬಾರದಿತ್ತು. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ನನ್ನ ಕಡೆ ಬೆರಳು ಮಾಡಿದರು.

"ಹುಡುಗನೂ ಪಾಸು, ಹುಡುಗೀನೂ ಪಾಸು. ಫೋಟೋದಾಂವ ಒಬ್ಬ ಫೇಲು. ಮದುವಿ ಫೋಟೋಕ್ಕ ಬ್ಯಾರೇದವರಿಗೆ ಹೇಳ್ರಿ."

"ಬ್ಯಾಡ ಆಯಿ, ಇವರೇ ತಗೀಲಿ" ಎಂದಳು ಹುಡುಗಿ. "ನಾವಿಬ್ರೂ ಇನ್ನ ನೆಟ್ಟಗ ನಿಂದರ್ತೀವಿ. ಮಣಕಾಲ ಮಡಚೂದು ಈಗ ಅವರ ಪಾಳಿ."

ಮದುವೆಯಾಯಿತು. ಅಕ್ಕಿಕಾಳು ಹಾಕುವುದರಿಂದ ಹಿಡಿದು ಊಟದ ಪಂಕ್ತಿಯವರೆಗೆ ಅಷ್ಟೂ ಫೋಟೋಗಳನ್ನು ನಾನು ಮೊಣಕಾಲೂರಿಯೇ ತೆಗೆದೆ. ಸೊಂಟ ಹಿಡಿದುಹೋಗಿ ಒಮ್ಮೆ ಮೆಲ್ಲಗೆ ಎದ್ದು ನಿಲ್ಲಲು ನೋಡಿದೆ. ತುಂಬಿದ ಮಂಟಪದಲ್ಲಿ, ಗಟ್ಟಿಮೇಳದ ನಡುವೆ, ತಲೆ ಎತ್ತಿ ನೆಟ್ಟಗೆ ನಿಂತಿದ್ದ ಮದುಮಗಳು ಮೇಲಿನಿಂದ ಕೂಗಿದಳು, "ಸರ್, ಮಣಕಾಲ!"